ಸಮ ಎಂದು ಹೇಳುವವರು ಯಾರು?

ಹವ್ಯಾಸಕ್ಕೆಂದು ಮನೆಯಲ್ಲಿ ಸಿಎನ್‌ಸಿ ರೌಟರ್ ಇಟ್ಟುಕೊಂಡವರು ಮೊದಲ ನಾಮಫಲಕ ಕೆತ್ತಿಸಿದಾಗಲೇ ಒಂದು ವಿಚಿತ್ರ ನೋಡುತ್ತಾರೆ: ಎಡಗಡೆಯ ಅಕ್ಷರ ದಪ್ಪ, ಬಲಗಡೆಯದು ಸಣಕಲು. ತುದಿ 90 ಡಿಗ್ರಿ ಇರುವ ವಿ ಆಕಾರದ ಬಿಟ್ 0.3 ಮಿಲಿಮೀಟರ್ ಹೆಚ್ಚು ಆಳಕ್ಕಿಳಿದರೆ ಗೆರೆ 0.6 ಮಿಲಿಮೀಟರ್ ಅಗಲವಾಗುತ್ತದೆ. ಕಂಪ್ಯೂಟರಿನ ಚಿತ್ರ ಸರಿಯಾಗಿಯೇ ಇರುತ್ತದೆ. ಕೆಳಗಿನ ಹಲಗೆ ಸಮವಾಗಿರುವುದಿಲ್ಲ, ಅಷ್ಟೇ.

ಅಳೆಯುವುದು ಸುಲಭ. ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ ಹಲಗೆಯ ಮೇಲೆಲ್ಲ ಓಡಾಡಿಸಿ, ಮುಳ್ಳು ಎಲ್ಲೆಲ್ಲಿ ಎಷ್ಟು ಹೊರಳಿತೆಂದು ಬರೆದುಕೊಂಡರಾಯಿತು. ಸರಿಪಡಿಸಲು ಎಲ್ಲರೂ ಹಿಡಿಯುವ ದಾರಿಯೂ ಒಂದೇ. ಗೀರು ಬಿದ್ದರೂ ಪರವಾಗಿಲ್ಲವೆಂದು ಹಾಸಿದ ಎಂಡಿಎಫ್ ಹಲಗೆಯನ್ನು ಅದೇ ಯಂತ್ರದಿಂದ, ಅಗಲವಾದ ಬಿಟ್ ಹಾಕಿ, ಇಡಿಯಾಗಿ ತೆಳ್ಳಗೆ ಹೆರೆಸಿಬಿಡುವುದು. ಆಮೇಲೆ ಗೇಜ್ ಓಡಿಸಿದರೆ ಮುಳ್ಳು ಕದಲುವುದಿಲ್ಲ.

ನನಗೆ ಅನುಮಾನ ಬರುವುದೇ ಈ ಕದಲದ ಮುಳ್ಳಿನ ಮೇಲೆ. ಸ್ಪಿಂಡಲ್ ಹೊತ್ತ ಅಡ್ಡತೊಲೆ ನಡುವೆ ಕೂದಲೆಳೆಯಷ್ಟು ಜೋತಿದ್ದರೆ ಹೆರೆದ ಹಲಗೆಯಲ್ಲೂ ನಡುವೆ ಅಷ್ಟೇ ತಗ್ಗು ಬಿದ್ದಿರುತ್ತದೆ. ಗೇಜನ್ನು ಹೊತ್ತು ತಿರುಗುವುದೂ ಅದೇ ತೊಲೆ. ಹಲಗೆ ತಗ್ಗಿದಲ್ಲಿ ತಾನೂ ತಗ್ಗಿ, ಎಲ್ಲ ಸಮವಾಗಿದೆ ಎಂದು ವರದಿ ಒಪ್ಪಿಸುತ್ತದೆ. ಆರೋಪಿಯೇ ಸಾಕ್ಷಿ ಹೇಳಿದ ಹಾಗೆ! ಉದ್ದನೆಯ ಲೋಹದ ಪಟ್ಟಿಯೊಂದನ್ನು ಹಲಗೆಯ ಮೇಲೆ ನಿಲ್ಲಿಸಿ, ಅಡಿಯಿಂದ ಬೆಳಕು ತೂರುತ್ತದೆಯೇ ಎಂದು ಬಗ್ಗಿ ನೋಡಿದರೆ ಗುಟ್ಟು ತಿಳಿಯುತ್ತದೆ.

ಆದರೆ ಆ ಪಟ್ಟಿ ನೆಟ್ಟಗಿದೆ ಎಂದು ಹೇಳಿದವರು ಯಾರು? ಈ ಪ್ರಶ್ನೆಗೆ 19ನೇ ಶತಮಾನದ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಉತ್ತರವಿತ್ತು. ಎಂಜಿನಿಯರ್ ಜೋಸೆಫ್ ವ್ಹಿಟ್‌ವರ್ತ್ 1840ರಲ್ಲಿ ಅದನ್ನು ವಿದ್ವಾಂಸರ ಸಭೆಯ ಮುಂದಿಟ್ಟ. ಎರಡು ಕಬ್ಬಿಣದ ಫಲಕಗಳಿಗೆ ಬಣ್ಣ ಹಚ್ಚಿ, ಒಂದರ ಮೇಲೊಂದಿಟ್ಟು ತಿಕ್ಕಿ, ಬಣ್ಣ ಅಂಟಿದ ಉಬ್ಬುಗಳನ್ನು ಕೆರೆಯುತ್ತ ಹೋದರೆ ಕೊನೆಗೆ ಎರಡೂ ಪೂರ್ತಿ ಹೊಂದಿಕೊಳ್ಳುತ್ತವೆ. ಆಗಲೂ ಒಂದು ಬೋಗುಣಿಯಂತೆ ಬಾಗಿ, ಇನ್ನೊಂದು ಅದರೊಳಗೆ ಕೂರುವಂತೆ ಉಬ್ಬಿರಬಹುದು. ಮೂರನೆಯ ಫಲಕ ತಂದು, ಜೋಡಿ ಬದಲಿಸಿ, ತಿರುಗಿಸಿ ತಿರುಗಿಸಿ ಮೂರನ್ನೂ ಪರಸ್ಪರ ಹೊಂದಿಸಿದರೆ ಆ ಒಳ ಒಪ್ಪಂದ ನಡೆಯುವುದಿಲ್ಲ. ಮೂರರಲ್ಲಿ ಒಂದೂ ಮೊದಲಿಗೆ ಸಮವಿರಲಿಲ್ಲ ಎನ್ನುವುದೇ ಇದರಲ್ಲಿ ನನಗೆ ಬಹಳ ಇಷ್ಟವಾದ ಮಾತು. ಸತ್ಯ ಹುಡುಕಲು ಸತ್ಯವಂತನೇ ಬೇಕೆಂದು ಕಾದು ಕೂರಬೇಕಾಗಿಲ್ಲ. ಇಬ್ಬರ ಹೊಂದಾಣಿಕೆಗೆ ಹೊರಗಿನ ಮೂರನೆಯವನು ಬಂದರೆ ಸಾಕು. ಅವನು ಬಂದಾಗ ಮನೆಯಲ್ಲಾಗಲಿ ಸಾಹಿತ್ಯದ ಗುಂಪುಗಳಲ್ಲಾಗಲಿ ನಾವು ಕುರ್ಚಿ ಕೊಡುವುದು ಕಡಿಮೆ.

ನಾಮಫಲಕಕ್ಕೆ ಇಷ್ಟೆಲ್ಲ ಯಾಕೆ ಎನ್ನಬಹುದು. ನಿಜ, ಬೇಕಿಲ್ಲ. ಯಂತ್ರ, ಹಲಗೆ ಎರಡೂ ಒಂದೇ ರೀತಿ ಬಾಗಿದ್ದರೆ ಅಕ್ಷರಗಳ ಆಳ ಒಂದೇ ಬರುತ್ತದೆ, ಫಲಕ ಬಾಗಿಲ ಮೇಲೆ ಚೆಂದವಾಗಿಯೇ ಕಾಣುತ್ತದೆ. ತೊಂದರೆ ಶುರುವಾಗುವುದು ಆ ಯಂತ್ರದಲ್ಲೇ ಹೆರೆದ ಎರಡು ದಪ್ಪ ಹಲಗೆಗಳನ್ನು ಮುಖಕ್ಕೆ ಮುಖ ಕೊಟ್ಟು ಅಂಟಿಸಹೊರಟಾಗ. ಎರಡರ ತಗ್ಗೂ ಎದುರುಬದುರಾಗಿ, ಒಂದರ ದೋಷಕ್ಕಿಂತ ಎರಡರಷ್ಟು ಸಂದು ನಡುವೆ ಬಾಯಿ ಬಿಟ್ಟಿರುತ್ತದೆ.