ತಲೆನೋವಿನ ರಜೆ

1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರರ ‘ಅಮೇರಿಕಾ ಅಮೇರಿಕಾ’ ಬಂದಾಗ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ಒಬ್ಬಳೇ ಮ್ಯಾಟಿನಿಗೆ ಹೋದೆ. ರಜೆಚೀಟಿಯಲ್ಲಿ ಕಾರಣ: ತಲೆನೋವು. ಮರುದಿನ ಹೆಡ್‌ಕ್ಲಾರ್ಕು, ‘ನಿಮ್ಮ ತಲೆನೋವು ಇಂಟರ್ವಲ್ಲಿನಲ್ಲಿ ಕಡ್ಲೆಕಾಯಿ ತಿಂತಿತ್ತಲ್ಲ ಮೇಡಂ’ ಎಂದರು. ಅವರೂ ಅಲ್ಲೇ ಇದ್ದರಂತೆ, ಹಲ್ಲುನೋವಿನ ರಜೆಯಲ್ಲಿ! ಆ ಸುಳ್ಳು ಆಫೀಸಿನ ನಗುವಿನಲ್ಲೇ ತೀರಿತು.

ಮನೆಯಲ್ಲಿ ಹೇಳದೆ ಉಳಿದದ್ದು ಮಾತ್ರ ತೀರಲಿಲ್ಲ. ಸಂಬಳ ನನ್ನದು, ರಜೆ ನನ್ನದು. ಆದರೂ ಸಿನಿಮಾದಿಂದ ಬಂದ ರಾತ್ರಿ ಅತ್ತೆ ‘ಯಾಕಮ್ಮಾ, ಊಟ ಸೇರಲಿಲ್ವಾ?’ ಎಂದಾಗ ಕದ್ದವಳಂತೆ ತಲೆ ತಗ್ಗಿಸಿದ್ದೆ. ಹಂಚಿಕೊಳ್ಳದ ಸುಖ ಕಳವೇ? ಗಂಡಸರು ದಿನಾ ಹೊರಗೆ ಕಾಫಿ ಕುಡಿದು ಬಂದರೆ ಈ ಪ್ರಶ್ನೆ ಏಳುವುದಿಲ್ಲವಲ್ಲ! ಆದರೆ ಅತ್ತೆ ಕಡೆಯದಾಗಿ ಟಾಕೀಸಿಗೆ ಹೋದದ್ದು ಯಾವಾಗ ಎಂದು ನಾನೂ ಕೇಳಿರಲಿಲ್ಲ.

ಮುಂದಿನ ಶನಿವಾರ ಎರಡು ಟಿಕೆಟ್ಟು ತರಿಸಿದೆ. ಸೀರೆ ಬದಲಿಸುತ್ತಾ ಅತ್ತೆ ಅಂದರು, ‘ನಿನ್ನ ಗಂಡನಿಗೆ ಹೇಳಬೇಡ.’