ಬೀದಿಯ ಹಾಡು, ಗುರುವಿನ ವಿವೇಕ

ವಿದ್ಯೆಯನ್ನು ಕಲಿಸಲು ಯಾವ ಸಾಧನ ಯೋಗ್ಯ, ಯಾವುದು ಅಯೋಗ್ಯ ಎಂಬ ಪ್ರಶ್ನೆ ಶಿಕ್ಷಣದಷ್ಟೇ ಹಳೆಯದು. ಶಿಷ್ಯನಿಗೆ ಪ್ರಿಯವಾದ ವಸ್ತು ದೋಷರಹಿತವಲ್ಲದಿದ್ದಾಗ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಅಮೆರಿಕದ ಕೆಲವು ಶಾಲೆಗಳಲ್ಲಿ ಹಿಪ್ ಹಾಪ್ ಸಂಗೀತವನ್ನು ಪಾಠಕ್ಕೆ ಬಳಸುವ ಪ್ರಯತ್ನ ಇದಕ್ಕೆ ನಿದರ್ಶನ.

ಈ ಕಲೆಯ ಜನನವನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ವಸತಿ ಕಟ್ಟಡದಲ್ಲಿ ನಡೆದ ಸಂತೋಷಕೂಟದಿಂದ ಎಣಿಸುತ್ತಾರೆ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದಕ್ಕಾಗಿ ಅದನ್ನು ಏರ್ಪಡಿಸಿದ್ದಳು. ಡಿ.ಜೆ. ಕೂಲ್ ಹರ್ಕ್ ಎಂದು ಹೆಸರಾದ ಅವಳ ಅಣ್ಣ ಅಂದು ಧ್ವನಿಮುದ್ರಿಕೆಗಳನ್ನು ನುಡಿಸಿದನು. ಹೆದ್ದಾರಿಯ ನಿರ್ಮಾಣಕ್ಕಾಗಿ ಸಹಸ್ರಾರು ಜನ ಮನೆ ಕಳೆದುಕೊಂಡಿದ್ದ, ಬಡತನವೂ ಬೆಂಕಿಯೂ ಬಾಧಿಸಿದ್ದ ಆ ಪ್ರದೇಶದ ತರುಣರು ತಾಳಬದ್ಧ ಮಾತು, ನೃತ್ಯ, ಗೋಡೆಚಿತ್ರಗಳಲ್ಲಿ ತಮ್ಮ ಅಸ್ತಿತ್ವವನ್ನು ಸಾರಿಕೊಂಡರು. 1982ರಲ್ಲಿ ಬಂದ ‘ದಿ ಮೆಸೇಜ್’ ಎಂಬ ಹಾಡು ಆ ಬೀದಿಗಳ ಬವಣೆಯನ್ನು ಲೋಕಕ್ಕೆ ತಿಳಿಸಿತು.

ವಿದ್ಯಾರ್ಥಿಯ ಸಂಸ್ಕೃತಿಯನ್ನು ಶಾಲೆಯ ಹೊರಗೇ ನಿಲ್ಲಿಸದೆ ಅದರ ಮೂಲಕವೇ ಕಲಿಸಬೇಕೆಂದು ಗ್ಲೋರಿಯಾ ಲ್ಯಾಡ್ಸನ್-ಬಿಲಿಂಗ್ಸ್ 1990ರ ದಶಕದಲ್ಲಿ ಪ್ರತಿಪಾದಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಅರ್ನೆಸ್ಟ್ ಮೊರೆಲ್ ಮತ್ತು ಜೆಫ್ರಿ ಡಂಕನ್-ಆಂಡ್ರಾಡೆ ಇಂಗ್ಲಿಷಿನ ಪ್ರಸಿದ್ಧ ಕವಿತೆಗಳ ಜೊತೆಯಲ್ಲೇ ರ‍್ಯಾಪ್ ಪದ್ಯಗಳನ್ನಿಟ್ಟು ಪಾಠ ಮಾಡಿದರು. ನ್ಯೂಯಾರ್ಕಿನಲ್ಲಿ ಕ್ರಿಸ್ಟೋಫರ್ ಎಮ್ಡಿನ್, ಗಾಯಕ ಜಿಜಾ ಅವರೊಡಗೂಡಿ ಮಕ್ಕಳು ವಿಜ್ಞಾನದ ವಿಷಯಗಳನ್ನೇ ಪ್ರಾಸಬದ್ಧವಾಗಿ ರಚಿಸಿ ಹಾಡುವ ಕಾರ್ಯಕ್ರಮವನ್ನು ರೂಪಿಸಿದರು. ಅರ್ಥವಾಗದ ವಿಷಯವನ್ನು ಪ್ರಾಸಕ್ಕೆ ಕೂಡಿಸಬಹುದು. ಅದರಿಂದ ಒಂದು ಒಳ್ಳೆಯ ಪದ್ಯವನ್ನು ಕಟ್ಟುವುದು ಮಾತ್ರ ಕಷ್ಟ.

ಆದರೆ ಆಕ್ಷೇಪಣೆ ಹಗುರವಾದುದಲ್ಲ. ಈ ಪದ್ಯಗಳಲ್ಲಿ ಹಲವು ಹಿಂಸೆಯನ್ನು ಮೆರೆಸುತ್ತವೆ, ಸ್ತ್ರೀಯರನ್ನು ಹೀನವಾಗಿ ಕಾಣುತ್ತವೆ, ಧನದ ಮದವನ್ನು ಹೊಗಳುತ್ತವೆ. ಇದಕ್ಕೆ ಎರಡು ಸುಲಭ ಪರಿಹಾರಗಳುಂಟು: ಎಲ್ಲವನ್ನೂ ನಿಷೇಧಿಸುವುದು, ಇಲ್ಲವೆ ಎಲ್ಲವನ್ನೂ ಒಪ್ಪಿಕೊಳ್ಳುವುದು. ನಿಷೇಧಿಸಿದರೆ ಬಾಲಕನು ಅದನ್ನೇ ಕೇಳುತ್ತಾನೆ, ಆದರೆ ಪ್ರಶ್ನಿಸುವವರಿಲ್ಲದೆ ಒಬ್ಬನೇ ಕೇಳುತ್ತಾನೆ. ಎಲ್ಲವನ್ನೂ ಒಪ್ಪಿಕೊಂಡರೆ ಗುರುವು ತನ್ನ ಸ್ಥಾನವನ್ನೇ ತ್ಯಜಿಸಿದಂತೆ.

ಇವೆರಡಕ್ಕಿಂತ ಸೂಕ್ಷ್ಮವಾದ ಮೂರನೆಯ ದೋಷವೊಂದಿದೆ. ಅದು ಹಾಡನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸುವುದು. ಮಗುವನ್ನು ಸೆಳೆಯುವವರೆಗೆ ಹಾಡು, ಅನಂತರ ‘ನಿಜವಾದ’ ಪಾಠ. ತನಗೆ ಪ್ರಿಯವಾದುದನ್ನು ಗುರುವು ಒಳಗೊಳಗೇ ತುಚ್ಛವೆಂದು ಎಣಿಸಿದ್ದಾನೆಂಬುದು ಮಗುವಿಗೆ ಬಹುಬೇಗ ತಿಳಿಯುತ್ತದೆ. ಇದು ಉಪಾಯವೆಂದು ತೋರಿದರೂ ಒಂದು ಬಗೆಯ ವಂಚನೆಯೇ. ಇನ್ನೊಂದು ಎಚ್ಚರವೂ ಅಗತ್ಯ. ಫಿಲಡೆಲ್ಫಿಯಾದ ಶಾಲೆಯೊಂದರಲ್ಲಿ ಹೀಗೆ ಬೋಧಿಸಿ 2009ರಲ್ಲಿ ಗ್ರಂಥ ರಚಿಸಿದ ಮಾರ್ಕ್ ಲಮಾಂಟ್ ಹಿಲ್, ಈ ಸಂಗೀತ ಕೆಲವರನ್ನು ಹತ್ತಿರ ತಂದಂತೆಯೇ ಅದು ತಮ್ಮದಲ್ಲವೆಂದು ಭಾವಿಸಿದ ಕೆಲವರನ್ನು ಹೊರಗಿರಿಸಿತೆಂಬುದನ್ನೂ ಗುರುತಿಸಿದರು. ಎಲ್ಲರಿಗೂ ಒಂದೇ ಬಾಗಿಲು ಸಾಲದು.

ಹಾಗಾದರೆ ಯೋಗ್ಯವಾದ ಬಳಕೆ ಯಾವುದು? ಮಹಾಕಾವ್ಯಕ್ಕೆ ಸಲ್ಲುವ ಪರಿಶೀಲನೆಯೇ ಈ ಹಾಡಿಗೂ ಸಲ್ಲಬೇಕು. ಮಹಾಕಾವ್ಯಗಳಲ್ಲಿಯೂ ಯುದ್ಧವಿದೆ, ಸೇಡಿದೆ, ಅಪಹರಣವಿದೆ. ಅವುಗಳನ್ನು ಬಚ್ಚಿಡದೆ, ಅದು ಸರಿಯೆ ಎಂದು ಗುರುವು ಕೇಳುತ್ತಾನೆ. ಈ ಸಾಲು ಏನನ್ನು ನೋಡಿ ನುಡಿಯಿತು? ಯಾರನ್ನು ನೋಯಿಸಿತು? ಅದೇ ನೋವನ್ನು ಇನ್ನೊಬ್ಬರನ್ನು ನೋಯಿಸದೆ ಹೇಳಬಹುದಿತ್ತೆ? ಇಂತಹ ಪ್ರಶ್ನೆಗಳನ್ನು ತನ್ನ ಮೆಚ್ಚಿನ ಹಾಡಿಗೇ ಕೇಳಲು ಕಲಿತ ಬಾಲಕನು ಮುಂದೆ ಯಾವ ಮಾತಿಗೂ ಕೇಳಬಲ್ಲನು. ಪ್ರೀತಿಸಿದುದನ್ನು ಪರೀಕ್ಷಿಸುವ ಧೈರ್ಯವೇ ವಿವೇಕದ ಆರಂಭ. ಆ ಧೈರ್ಯವನ್ನು ಶಿಷ್ಯನಲ್ಲಿ ಬಯಸುವ ಗುರುವು, ಮೊದಲು ಅವನ ಪ್ರೀತಿಯನ್ನು ಗೌರವಿಸಬೇಕು.