ನೋಡದಿರುವವನ ಹೊಣೆ

ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ಕಿಟಕಿಯ ಸರಳಿನಿಂದ ದೋಣಿಯ ಕೊಂಡಿಯವರೆಗೆ ಯಾವ ಕಬ್ಬಿಣವನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಇಂಥ ಕಡೆ ಉಕ್ಕನ್ನು ಕಾಪಾಡಲು ಸತುವನ್ನೋ ಅಲ್ಯೂಮಿನಿಯಮ್ಮನ್ನೋ ಕರಗಿಸಿ ಸಿಂಪಡಿಸುವುದುಂಟು. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದರೆ ಮೊದಲೇ ಉಕ್ಕನ್ನು ಸರಿಯಾಗಿ ಉಜ್ಜಿ ಶುಚಿ ಮಾಡದಿದ್ದರೆ ಲೇಪ ಮೇಲೆ ಚೆನ್ನಾಗಿ ಕಾಣುತ್ತಲೇ ಒಳಗೆ ಬಿಟ್ಟುಕೊಂಡಿರಬಹುದು.

ಅದನ್ನು ತಿಳಿಯುವ ಒಂದು ದಾರಿ, ಲೇಪಕ್ಕೆ ಬಿಲ್ಲೆ ಅಂಟಿಸಿ ಕಿತ್ತು ನೋಡುವುದು. ಕಿತ್ತ ಜಾಗ ಹಾಳಾಗುತ್ತದೆ. ಪಕ್ಕದ ಜಾಗದ ಬಗ್ಗೆ ಊಹೆಯಷ್ಟೇ ಉಳಿಯುತ್ತದೆ. ಶಾಖವನ್ನು ಕಾಣಿಸುವ ಇನ್‌ಫ್ರಾರೆಡ್ ಕ್ಯಾಮೆರಾದ್ದು ಬೇರೆ ರೀತಿ. ದೀಪದಿಂದ ಕ್ಷಣಕಾಲ ಕಾಯಿಸಿದರೆ, ಗಟ್ಟಿಯಾಗಿ ಕೂತ ಲೇಪ ಬಿಸಿಯನ್ನು ಉಕ್ಕಿಗೆ ದಾಟಿಸುತ್ತದೆ. ಬಿಟ್ಟುಕೊಂಡ ಕಡೆ ನಡುವಿನ ಗಾಳಿ ತಡೆಯುವುದರಿಂದ ಬಿಸಿ ಮೇಲೆಯೇ ನಿಂತು, ಚಿತ್ರದಲ್ಲಿ ಕಲೆಯಾಗಿ ಕಾಣುತ್ತದೆ. ಹೊಳಪು ಈ ಕ್ಯಾಮೆರಾವನ್ನೂ ಮೋಸಗೊಳಿಸಬಲ್ಲದು; ಅದಕ್ಕೇ ಕೆಲವೊಮ್ಮೆ ಮೇಲ್ಮೈಗೆ ತೆಳುವಾಗಿ ಕಪ್ಪು ಬಳಿಯುತ್ತಾರೆ.

ನನ್ನನ್ನು ಕಾಡುವುದು ಇದರ ನೈತಿಕ ಮಗ್ಗುಲು. ಕೀಳದೆ ತಿಳಿಯುವಂತಿಲ್ಲ ಎನ್ನುವವರೆಗೆ ನೋಡದಿರಲು ಒಂದು ಕಾರಣವಿತ್ತು. ಗಾಯ ಮಾಡದೆ ನೋಡಬಹುದಾದ ಮೇಲೆ?

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿದ. ಅದು ಕಾಂಕ್ರೀಟಿನ ಸೇತುವೆ, ಅದರ ಕತೆ ಬೇರೆ. ಆದರೆ ದಾಟುವವನ ಸ್ಥಿತಿ ಎಲ್ಲೆಡೆ ಒಂದೇ: ಅವನ ಬಳಿ ಕ್ಯಾಮೆರಾ ಇಲ್ಲ, ನಂಬಿಕೆ ಇದೆ. ಆ ನಂಬಿಕೆಯನ್ನು ಪಡೆದವನು ಸಾಧನವಿದ್ದೂ ನೋಡದಿದ್ದರೆ, 'ನನಗೆ ಗೊತ್ತಿರಲಿಲ್ಲ' ಎಂಬ ಅವನ ಮಾತು ನಿಜವೇ ಆಗಿದ್ದರೂ, ಅದು ಅವನನ್ನು ಹೊಣೆಯಿಂದ ಬಿಡಿಸದು ಎಂದು ನನಗನಿಸುತ್ತದೆ.